ಎಬ್ಬಿಸುವಾಗಲೂ ಮೃದುವಾಗಿರಿ

ನಿಮ್ಮ ಮನೆಯಲ್ಲಿ ಬೆಳಗ್ಗೆ ಕೇಳಿಬರುವ ಮೊದಲ ಮಾತು ಯಾವುದು? ಸ್ವಲ್ಪ ನೆನಪಿಸಿಕೊಂಡು ನೋಡಿ. ಅನೇಕ ಮನೆಗಳಲ್ಲಿ ಅದು ಸಲಾಮ್ ಆಗಿರುವುದಿಲ್ಲ, ದುಆ ಆಗಿರುವುದಿಲ್ಲ. "ಇನ್ನೂ ಎದ್ದಿಲ್ಲವಾ?" ಎಂಬ ಗದರಿಕೆಯಾಗಿರುತ್ತದೆ. ಮೊಬೈಲಿನ ಅಲಾರಂ ಕಿರುಚುತ್ತದೆ. ಯಾರೋ ಅದನ್ನು ನಿಲ್ಲಿಸಿ ಮತ್ತೆ ಮಲಗುತ್ತಾರೆ. ತಾಯಿ ಹೊದಿಕೆ ಎಳೆಯುತ್ತಾರೆ, ತಂದೆ ಬಾಗಿಲಲ್ಲಿ ನಿಂತು ಬೈಯುತ್ತಾರೆ. ಹದಿಮೂರರ ಹುಡುಗ ಮುಖ ಗಂಟಿಕ್ಕಿಕೊಂಡು ವುಝೂ ಮಾಡುತ್ತಾನೆ.

ನಮಾಝೇನೋ ಆಯಿತು. ಆದರೆ ಸುಬ್‌ಹಿ ಎಂದರೆ ಬೈಗುಳ ಎಂಬ ಭಾವನೆ ಆ ಹುಡುಗನ ಮನಸ್ಸಿನಲ್ಲಿ ದಿನದಿನವೂ ಗಟ್ಟಿಯಾಗುತ್ತಾ ಹೋಗುತ್ತದೆ. ನಾಳೆ ಅವನು ಓದಿಗಾಗಿಯೋ ದುಡಿಮೆಗಾಗಿಯೋ ಊರು ಬಿಡುತ್ತಾನೆ. ಬೈಯುವವರಿಲ್ಲದ ಆ ಕೋಣೆಯಲ್ಲಿ ಅವನು ತಾನಾಗಿ ಏಳುವನೇ? ನಾವು ಯೋಚಿಸಬೇಕಾದ ಪ್ರಶ್ನೆ ಇದು.

ಬೆಳಕಿನ ಗಡಿಯಾರ

ಈಗ ಸೂರ್ಯೋದಯ ಅಲಾರಂ ಎಂಬ ಗಡಿಯಾರಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಇವು ಶಬ್ದಕ್ಕಿಂತ ಮೊದಲು ಬೆಳಕಿನಿಂದ ಎಬ್ಬಿಸುತ್ತವೆ. ನೀವು ಗೊತ್ತುಪಡಿಸಿದ ಸಮಯಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಅದರ ದೀಪ ಮಂದವಾದ ಕೆಂಬಣ್ಣದಲ್ಲಿ ಹತ್ತಿಕೊಳ್ಳುತ್ತದೆ. ಮೆಲ್ಲಮೆಲ್ಲನೆ ಹಳದಿಯಾಗಿ, ಕೊನೆಗೆ ಕೋಣೆಯನ್ನು ಬೆಳಗುತ್ತದೆ. ಆಗಲೂ ಏಳದಿದ್ದರೆ ಮೆಲುವಾದ ಸದ್ದು ಮಾಡುತ್ತದೆ. ರಾತ್ರಿ ಮಲಗುವಾಗ ಇದೇ ಕೆಲಸವನ್ನು ತಿರುಗಿಸಿ ಮಾಡುವ, ಅಂದರೆ ಬೆಳಕನ್ನು ನಿಧಾನವಾಗಿ ಕುಗ್ಗಿಸುವ ಏರ್ಪಾಡೂ ಹಲವು ಗಡಿಯಾರಗಳಲ್ಲಿದೆ.

ಇದರ ಹಿಂದೆ ಒಂದು ಸತ್ಯವಿದೆ. ನಮ್ಮ ಕಣ್ಣು ನೋಡುವುದಕ್ಕಷ್ಟೇ ಇರುವುದಲ್ಲ. ಹಗಲು ಯಾವುದು, ಇರುಳು ಯಾವುದು ಎಂದು ದೇಹಕ್ಕೆ ತಿಳಿಸುವ ವಿಶೇಷ ಜೀವಕೋಶಗಳು ಅದರಲ್ಲಿವೆಯೆಂದು ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಇವು ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಕತ್ತಲಾದಾಗ ಮಿದುಳಿನ ಒಂದು ಸಣ್ಣ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸ ಒಸರುತ್ತದೆ. ಇರುಳಾಯಿತು, ಇನ್ನು ವಿಶ್ರಮಿಸು ಎಂದು ದೇಹಕ್ಕೆ ತಿಳಿಸುವುದು ಅದೇ. ಕಣ್ಣಿಗೆ ಬೆಳಕು ಬಿದ್ದಾಗ ಅದು ಕಡಿಮೆಯಾಗುತ್ತದೆ. ಮುಚ್ಚಿದ ರೆಪ್ಪೆಯ ಮೂಲಕವೂ ಸ್ವಲ್ಪ ಬೆಳಕು ಒಳಗೆ ಹೋಗುತ್ತದೆ. ದೇಹದೊಳಗಿನ ಈ ಗಡಿಯಾರದ ಸೂಕ್ಷ್ಮ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಪವಿತ್ರ ಕುರ್‌ಆನಿನ ಅನ್ನಬಅ್ ಅಧ್ಯಾಯವು ನಿದ್ರೆಯನ್ನು ವಿಶ್ರಾಂತಿಯೆಂದೂ, ಇರುಳನ್ನು ಹೊದಿಕೆಯೆಂದೂ, ಹಗಲನ್ನು ಜೀವನೋಪಾಯದ ಕಾಲವೆಂದೂ ನೆನಪಿಸುತ್ತದೆ. ಹೊದಿಕೆಯನ್ನು ಒಮ್ಮೆಲೇ ಕಿತ್ತೆಳೆಯುವುದಕ್ಕೂ ಮೆಲ್ಲನೆ ಸರಿಸುವುದಕ್ಕೂ ವ್ಯತ್ಯಾಸವಿದೆಯಲ್ಲವೇ?

ಯಾವ ಸಮಯಕ್ಕೆ ಇಡಬೇಕು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಸರು ಸೂರ್ಯೋದಯ ಅಲಾರಂ ಎಂದಿದ್ದರೂ ಸತ್ಯವಿಶ್ವಾಸಿಯು ನಿಜವಾದ ಸೂರ್ಯೋದಯದ ತನಕ ಮಲಗಿದರೆ ಸುಬ್‌ಹಿಯ ಸಮಯ ಮುಗಿದೇ ಹೋಗುತ್ತದೆ. ನಮ್ಮ ಕರ್ನಾಟಕದಲ್ಲಿ ಸುಬ್‌ಹಿಯ ಸಮಯವು ಸೂರ್ಯ ಹುಟ್ಟುವುದಕ್ಕೆ ಸುಮಾರು ಒಂದೂಕಾಲು ಗಂಟೆ ಮೊದಲು ಆರಂಭವಾಗುತ್ತದೆ. ಆದುದರಿಂದ ಗಡಿಯಾರದ ಬೆಳಕು ನಿಮ್ಮ ಮಸೀದಿಯ ಅಝಾನಿನ ವೇಳೆಗೆ ಪೂರ್ಣವಾಗುವಂತೆ ಇಡಬೇಕು. ಒಮ್ಮೆ ಇಟ್ಟರೆ ವರ್ಷವಿಡೀ ಸಾಕೆಂದೂ ಭಾವಿಸಬಾರದು. ಮಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು 6 ಗಂಟೆಯ ಸುಮಾರಿಗೆ, ಜನವರಿಯ ಕೊನೆಯಲ್ಲಿ 7 ಗಂಟೆಯ ಹತ್ತಿರ. ನಮಾಝ್ ವೇಳಾಪಟ್ಟಿಯನ್ನು ನೋಡಿ ಹದಿನೈದು ದಿನಗಳಿಗೊಮ್ಮೆ ಸಮಯ ಬದಲಿಸುತ್ತಿರಿ. ಮುಖದ ಮೇಲೆ ಹೊದಿಕೆ ಎಳೆದುಕೊಂಡು ಮಲಗುವವರಿಗೆ ಬೆಳಕು ತಲಪುವುದಿಲ್ಲ. ಅಂಥವರು ಸದ್ದನ್ನೂ ಇಟ್ಟುಕೊಳ್ಳಲಿ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಬ್ಯಾಟರಿಯ ಆಸರೆಯೂ ಇರಲಿ.

ಬೆಳಗು ಆರಂಭವಾಗುವುದು ರಾತ್ರಿಯಲ್ಲಿ

ಎಂತಹ ಉತ್ತಮ ಗಡಿಯಾರವಾದರೂ ರಾತ್ರಿ ಒಂದು ಗಂಟೆಗೆ ಮಲಗಿದವನನ್ನು ಉಲ್ಲಾಸದಿಂದ ಎಬ್ಬಿಸಲಾರದು. ಇಶಾಕ್ಕಿಂತ ಮೊದಲು ಮಲಗುವುದನ್ನೂ ಇಶಾದ ಬಳಿಕ ಹರಟೆಯಲ್ಲಿ ಕೂರುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮಲಗುವಾಗ ದೀಪಗಳನ್ನು ಆರಿಸಬೇಕೆಂದೂ ಅವರು ಆದೇಶಿಸಿದ್ದಾರೆ. ಬೆಂಕಿಯ ಅಪಾಯ ತಪ್ಪಿಸುವುದು ಆ ಆದೇಶದ ಉದ್ದೇಶವಾಗಿತ್ತು. ಆದರೆ ದೀಪ ಆರಿದ ಮನೆಯಲ್ಲಿ ನಿದ್ರೆಯೂ ಚೆನ್ನಾಗಿ ಬರುತ್ತದೆಂಬುದು ನಮ್ಮೆಲ್ಲರ ಅನುಭವ.

ಇಂದು ನಮ್ಮ ಮನೆಗಳಲ್ಲಿ ಇಶಾದ ಬಳಿಕವೇ ಎರಡನೆಯ ಹಗಲು ಆರಂಭವಾಗುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಹೊಳೆಯುವ ಒಂದು ಪರದೆ. ಹಗಲಿನ ಬೆಳಕನ್ನು ಹೋಲುವ ಅದರ ನೀಲಿ ಛಾಯೆಯು ನಿದ್ರೆಯನ್ನು ಮುಂದೂಡುತ್ತದೆ. ಮಗನ ಮೊಬೈಲನ್ನು ಕಸಿದುಕೊಳ್ಳುವ ತಂದೆಯ ಮೊಬೈಲ್ ಎಲ್ಲಿದೆ? ಒಂದು ನಿಯಮ ಮಾಡಿಕೊಳ್ಳಿ. ಇಶಾ ಮತ್ತು ಊಟ ಮುಗಿದ ಮೇಲೆ ಎಲ್ಲರ ಮೊಬೈಲುಗಳೂ, ಹಿರಿಯರದ್ದೂ ಸೇರಿ, ಹಾಲಿನಲ್ಲಿ ಒಂದೇ ಕಡೆ ಇರಲಿ. ದೊಡ್ಡ ಟ್ಯೂಬ್‌ಲೈಟ್ ಆರಲಿ, ಹಳದಿ ಬೆಳಕಿನ ಸಣ್ಣ ದೀಪ ಉರಿಯಲಿ. ಮಕ್ಕಳೊಂದಿಗೆ ನಾಲ್ಕು ಮಾತಾಡಿ, ಮಲಗುವ ದುಆ ಹೇಳಿ. ಮನೆಗೆಲಸದಿಂದ ಬಳಲಿದ್ದ ಮಗಳು ಫಾತಿಮಾ(ರ)ರಿಗೆ ಪ್ರವಾದಿವರ್ಯರು(ಸ) ಕಲಿಸಿದ್ದು ಮಲಗುವ ಮುನ್ನ ಹೇಳುವ ತಸ್‌ಬೀಹನ್ನು: ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಬಾರಿ. ದಣಿದ ಮನಸ್ಸಿಗೆ ಇದಕ್ಕಿಂತ ಶಾಂತವಾದ ರಾತ್ರಿ ಬೇರೇನಿದೆ?

ಗಡಿಯಾರವಿಲ್ಲದಿದ್ದರೆ

ಈ ಗಡಿಯಾರವನ್ನು ಕೊಳ್ಳಲೇಬೇಕೆಂದಿಲ್ಲ. ಮೊದಲು ಎದ್ದವರು ಮಕ್ಕಳ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆದು ಹಾಲಿನ ದೀಪ ಹಾಕಲಿ. ವುಝೂ ಮಾಡಿ ಬಂದು ಝೀರೋ ಬಲ್ಬ್ ಹಾಕಲಿ. ಅನಂತರ ಹತ್ತಿರ ಕುಳಿತು, ತಲೆ ಸವರಿ, ಹೆಸರು ಹಿಡಿದು ಸಲಾಮ್ ಹೇಳಲಿ. ಹತ್ತು ನಿಮಿಷ ಹೆಚ್ಚು ಬೇಕಾಗಬಹುದು. ಆ ಹತ್ತು ನಿಮಿಷ ಮೊದಲೇ ಏಳಬೇಕಾದವರು ನಾವು. ಸೂರ್ಯ ಹುಟ್ಟಿದ ಮೇಲೆ ಮಕ್ಕಳನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಕಳುಹಿಸಿ. ಯಾವ ಗಡಿಯಾರದ ಬೆಳಕೂ ಆಕಾಶದ ಬೆಳಕಿಗೆ ಸಾಟಿಯಲ್ಲ, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ಒಂದು ದಿನ ಅವರು ಏಳದೇ ಹೋದರೆ? ಹಿಜರಿ 7ರಲ್ಲಿ ಖೈಬರ್‌ನಿಂದ ಮರಳುವಾಗ ನಡೆದುದನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ಪ್ರಯಾಣ ಮಾಡಿ ದಣಿದ ಪ್ರವಾದಿವರ್ಯರು(ಸ) ವಿಶ್ರಾಂತಿಗೆ ನಿಂತಾಗ ಸುಬ್‌ಹಿಗೆ ಎಬ್ಬಿಸುವ ಹೊಣೆಯನ್ನು ಬಿಲಾಲ್(ರ)ರಿಗೆ ವಹಿಸಿದರು. ಬಿಲಾಲ್(ರ) ನಮಾಝ್ ಮಾಡುತ್ತಾ ಎಚ್ಚರವಿದ್ದರು. ಆಮೇಲೆ ಒಂಟೆಗೆ ಒರಗಿ ಪೂರ್ವ ದಿಕ್ಕನ್ನು ನೋಡುತ್ತಾ ಕುಳಿತವರಿಗೆ ಅಲ್ಲೇ ನಿದ್ರೆ ಹತ್ತಿತು. ಬಿಸಿಲು ತಾಗಿದಾಗಲೇ ಎಲ್ಲರಿಗೂ ಎಚ್ಚರ. ನಿಮ್ಮನ್ನು ಆವರಿಸಿದ ನಿದ್ರೆಯೇ ನನ್ನನ್ನೂ ಆವರಿಸಿತೆಂದು ಬಿಲಾಲ್(ರ) ಅರಿಕೆ ಮಾಡಿಕೊಂಡರು. ಬೈಗುಳದ ಒಂದು ಮಾತೂ ಆ ವರದಿಯಲ್ಲಿಲ್ಲ. ಪ್ರವಾದಿವರ್ಯರು(ಸ) ಸ್ವಲ್ಪ ಮುಂದೆ ಸಾಗಿ, ವುಝೂ ಮಾಡಿ, ಸಂಗಾತಿಗಳೊಂದಿಗೆ ಆ ನಮಾಝನ್ನು ನಿರ್ವಹಿಸಿದರು. ನಮಾಝನ್ನು ಮರೆತವನು ನೆನಪಾದಾಗ ನಿರ್ವಹಿಸಲಿ ಎಂದು ಕಲಿಸಿದರು.

ನಮಾಝನ್ನು ಹಗುರವಾಗಿ ಕಾಣಬಹುದೆಂದು ಇದರ ಅರ್ಥವಲ್ಲ. ನಮಾಝನ್ನು ಬಿಡಲೂ ಇಲ್ಲ, ಮನುಷ್ಯನನ್ನು ನೋಯಿಸಲೂ ಇಲ್ಲ ಎಂಬುದೇ ಇಲ್ಲಿರುವ ಪಾಠ.

ಇಂದು ರಾತ್ರಿಯೇ ಆರಂಭಿಸಿ. ಬೇಗನೆ ದೀಪ ಆರಿಸಿ, ನಾಳೆ ಮೆಲ್ಲನೆ ದೀಪ ಹಚ್ಚಿ. ಮುಂದೊಂದು ದಿನ ದೂರದ ಊರಿನಲ್ಲಿ ನಿಮ್ಮ ಮಗನೋ ಮಗಳೋ ಸುಬ್‌ಹಿಗೆ ಕಣ್ತೆರೆದಾಗ ತಲೆ ಸವರಿದ ನಿಮ್ಮ ಕೈ ನೆನಪಾಗಲಿ. ನಮ್ಮ ಮನೆಗಳ ಮುಂಜಾನೆಯನ್ನು ಅಲ್ಲಾಹನು ಅನುಗ್ರಹಪೂರ್ಣಗೊಳಿಸಲಿ. ಆಮೀನ್.