ಯಂತ್ರದ ನಾಡಿ

ಯಂತ್ರಕ್ಕೆ ಮಾತು ಬಾರದು. ಆದರೆ ತನ್ನ ನೋವನ್ನು ಅದು ಸದ್ದಿನಿಂದ ತಿಳಿಸಬಲ್ಲದು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳಲ್ಲೊಂದು ದುರಸ್ತಿಗೆ ಬಂದಾಗ, ನುರಿತ ಮೆಕ್ಯಾನಿಕ್ಕನು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ಕಿವಿಗೊಡುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಹೊರಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ತಗುಲಿಸುತ್ತಾನೆ. ಅದೇ ಅವನ ಸ್ಟೆತಾಸ್ಕೋಪು.

ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬುದೇ ಮುಖ್ಯ. ಎಂಜಿನ್ ತಣ್ಣಗಿರುವಾಗ ಕೇಳಿಸಿ, ಬಿಸಿಯೇರಿದಂತೆ ಅಡಗುವ ಸದ್ದು ಸಿಲಿಂಡರಿನೊಳಗೆ ಪಿಸ್ಟನ್ ಸಡಿಲವಾಗಿರುವುದರ ಸೂಚನೆ; ಶಾಖಕ್ಕೆ ಪಿಸ್ಟನ್ ಹಿಗ್ಗಿ ಸಂದು ಕಿರಿದಾಗುತ್ತದೆ. ದಿಣ್ಣೆ ಏರುವಾಗ ಮಾತ್ರ 'ಟಿಣ್ ಟಿಣ್' ಎಂದರೆ ಪೆಟ್ರೋಲು ಸಕಾಲದಲ್ಲಿ ಉರಿಯುತ್ತಿಲ್ಲವೆಂದು ಶಂಕಿಸಬೇಕು. ತಳದಿಂದ ಗುದ್ದಿದಂತೆ ಕೇಳಿಬರುವ 'ದಡ್ ದಡ್' ಸದ್ದು ಎಲ್ಲಕ್ಕಿಂತ ಅಪಾಯಕಾರಿ. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿರಬಹುದು. ಅದನ್ನು ಕಡೆಗಣಿಸಿ ಓಡಿಸಿದರೆ ರಾಡು ಮುರಿದು ಎಂಜಿನ್ನೇ ಒಡೆಯಬಹುದು. ಸವಾರನ ಪ್ರಾಣಕ್ಕೂ ಕುತ್ತು.

ಆದರೆ ಎಲ್ಲ ಸದ್ದೂ ರೋಗವಲ್ಲ. ಸೈಲೆನ್ಸರಿನ ಒಂದು ಸಡಿಲ ಬೋಲ್ಟು ಇಡೀ ಎಂಜಿನ್ ಕೆಟ್ಟಿತೆಂಬ ಭ್ರಮೆ ಹುಟ್ಟಿಸಬಲ್ಲದು. ಅವಸರದಿಂದ ಬಿಚ್ಚಿದವನು ಒಳ್ಳೆಯ ಭಾಗವನ್ನೂ ಕೆಡಿಸುತ್ತಾನೆ. ತಾಳ್ಮೆಯಿಂದ ಆಲಿಸಿದವನಿಗೆ ಕೆಟ್ಟ ಭಾಗವು ತಾನಾಗಿಯೇ ಗೋಚರಿಸುತ್ತದೆ.