ದೂರದರ್ಶನ: ಗೆರೆಗಳಿಂದ ಚಿತ್ರ

ದೂರದರ್ಶನವು ಚಿತ್ರವನ್ನು ಇಡಿಯಾಗಿ ಕಳುಹಿಸುತ್ತದೆಂದು ನಾವು ಭಾವಿಸುವುದುಂಟು. ಮೊದಲಿನ ಪ್ರಸಾರಗಳಲ್ಲಿ ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸಿ, ಬೆಳಕಿನ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸಿ ಕಳುಹಿಸುತ್ತಿದ್ದರು. ಗೆರೆಗಳು ಅತಿ ಶೀಘ್ರವಾಗಿ ಮೂಡುವುದರಿಂದ ನಮಗೆ ಅವು ಒಂದೇ ಚಿತ್ರವಾಗಿ ತೋರುತ್ತಿದ್ದವು.

1926ರಲ್ಲಿ ಲಂಡನ್ನಿನಲ್ಲಿ ಜಾನ್ ಬೇರ್ಡ್ ತಿರುಗುವ ತಟ್ಟೆಯ ನೆರವಿನಿಂದ 30 ಗೆರೆಗಳ ಚಿತ್ರವನ್ನು ತೋರಿಸಿದನು. ಆದರೆ ತಟ್ಟೆಯ ವೇಗಕ್ಕೆ ಮಿತಿಯುಂಟು. ಅತ್ಯಂತ ಹಗುರವಾದ ಎಲೆಕ್ಟ್ರಾನುಗಳ ಕಿರಣಕ್ಕೆ ಆ ತೊಡಕಿಲ್ಲ. ಆದುದರಿಂದಲೇ 1936ರ ಬಿ.ಬಿ.ಸಿ. ಪ್ರಸಾರದಲ್ಲಿ ಎಲೆಕ್ಟ್ರಾನ್ ಕಿರಣದ ಪದ್ಧತಿಯು 405 ಗೆರೆಗಳನ್ನು ನೀಡಿತು. ಮರುವರ್ಷವೇ ಬೇರ್ಡನ ಪದ್ಧತಿಯನ್ನು ಅಲ್ಲಿ ಕೈಬಿಡಲಾಯಿತು.

ಇಂದು ಅಂತರಜಾಲದಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿ ಹರಿದುಬರುತ್ತದೆ. ಹಿಂದಿನ ಚಿತ್ರಕ್ಕಿಂತ ಬದಲಾದ ಅಂಶವನ್ನೇ ಬಹುಮಟ್ಟಿಗೆ ಕಳುಹಿಸುವುದರಿಂದ ಸಾಗಣೆಯ ಹೊರೆ ಬಹಳ ಇಳಿಯುತ್ತದೆ. ಹಿಂದೆ ಕಾರ್ಯಕ್ರಮಕ್ಕಾಗಿ ನಾವು ಕಾಯುತ್ತಿದ್ದೆವು. ಈಗ ಅದೇ ನಮಗಾಗಿ ಕಾಯುತ್ತದೆ. ಆದರೆ ಬಿಡಿಚಿತ್ರಗಳನ್ನು ಚಲನೆಯಾಗಿ ಹೆಣೆಯುವ ಕೆಲಸ ಇಂದಿಗೂ ನಮ್ಮ ಕಣ್ಣು–ಮಿದುಳುಗಳದೇ.