ಕೊಳಗ ಯಾರ ಕೈಲಿದೆ ನೋಡು

ಮಗಾ, ಹೋದ ಸಲ ಊರಿಗೆ ಬಂದಾಗ ನಿನ್ನ ಕೆಲಸ ಏನೆಂದು ಕೇಳಿದ್ದೆ. ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ ಒಂದು ಆರ್ಡರಿಗೆ ಎಷ್ಟು ದುಡ್ಡು ಎಂದು ಕಂಪ್ಯೂಟರೇ ಲೆಕ್ಕ ಹಾಕುವ ಹಾಗೆ ಬರೆಯುವುದು ಅಂದೆ. ಅವತ್ತಿನಿಂದ ನನ್ನ ತಲೆಯಲ್ಲಿ ಕೊಳಗ ಕೂತಿದೆ.

ನೀನು ಕೊಳಗ ಕಂಡವನಲ್ಲ. ಭತ್ತ ಅಳೆಯುವ ಪಾತ್ರೆ ಅದು. ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರಲ್ಲ, ಆ ಜಗಳದ ಬುಡದಲ್ಲಿ ಇದ್ದದ್ದೂ ಇದೇ. ಗೇಣಿ ಇಂತಿಷ್ಟು ಕೊಳಗ ಎಂದು ಮಾತಾಗಿರುತ್ತಿತ್ತು. ಮಾತಿನಲ್ಲಿ ಮೋಸವಿಲ್ಲ. ಆದರೆ ಅಳೆದುಕೊಳ್ಳುವ ಕೊಳಗ ಜಮೀನಿನ ಒಡೆಯರ ಮನೆಯದು, ಇರಬೇಕಾದ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪನವರು ದೀವರ ಒಕ್ಕಲುಗಳನ್ನು ಕೂಡಿಸಿದರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು.

ಮರುವರ್ಷ ಓಟು ಬಂತು. ಒಡೆಯನಿಗೂ ಒಂದು, ಒಕ್ಕಲಿಗೂ ಒಂದು. ಜಮೀನು ಮಾತ್ರ ಒಡೆಯನದೇ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಎಲ್ಲರೂ ಸಮ, ಬದುಕಿನಲ್ಲಿ ಅಲ್ಲ ಎಂಬ ಈ ಎಡವಟ್ಟನ್ನು ಬೇಗ ನೀಗಿಕೊಳ್ಳದಿದ್ದರೆ, ನೊಂದವರು ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವಿಯಾರು ಎಂದರು. ಇಲ್ಲಿ ಯಾರೂ ಕೆಡವಲಿಲ್ಲ. ಕಾದರು, 23 ವರ್ಷ. ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸರ ತಿದ್ದುಪಡಿ ಬಂದು, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಫಾರಂ ನಂಬರ್ 7 ತುಂಬಿ, ಟ್ರಿಬ್ಯುನಲ್ಲಿಗೆ ಅಲೆದೂ ಅಲೆದೂ ನನ್ನ ಅಪ್ಪ ಪಹಣಿಯಲ್ಲಿ ತನ್ನ ಹೆಸರು ಕಂಡ. ನಿನ್ನ ಅಪ್ಪ ಓದಿದ್ದು, ನೀನು ಬೆಂಗಳೂರಿಗೆ ಹೋದದ್ದು ಆ ಎರಡೂವರೆ ಎಕರೆಯಿಂದ.

ಇಲ್ಲಿಯವರೆಗೆ ನಿನಗೆ ಗೊತ್ತು. ಮುಂದಿನದನ್ನು ಮನೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ.

ನಮ್ಮ ಗದ್ದೆಗೆ ನೆಟ್ಟಿಗೆ ಬರುತ್ತಿದ್ದ ಹೆಣ್ಣಾಳುಗಳಿಗೆ ಯಾವ ಫಾರಮ್ಮೂ ಇರಲಿಲ್ಲ. ಗೇಣಿದಾರನಿಗೆ ಭೂಮಿ ಸಿಕ್ಕಿತು, ಕೂಲಿಯವರಿಗೆ ಸಿಗಲಿಲ್ಲ. ಸಂಜೆ ಅಂಗಳದಲ್ಲಿ ಕೂಲಿ ಭತ್ತ ಅಳೆಯುವಾಗ ಗಂಡಾಳಿಗೆ ಸೇರು ತುಂಬಿ ತುಳುಕುತ್ತಿತ್ತು, ಹೆಣ್ಣಾಳಿಗೆ ಅಪ್ಪ ಅಂಗೈಯಿಂದ ಸೇರಿನ ತಲೆ ಸವರಿ ಕೊಡುತ್ತಿದ್ದ. ಒಡೆಯರ ಕೊಳಗಕ್ಕೆ ಹಲ್ಲು ಕಚ್ಚಿದ್ದ ಅದೇ ಅಪ್ಪ! ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ನಾನು ಪೇಪರಿನಲ್ಲಿ ಓದಿಯೂ ಇದ್ದೆ. ಅಪ್ಪನ ಎದುರು ಬಾಯಿ ಬಿಡಲಿಲ್ಲ. ಇದನ್ನು ನಿನಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಪ್ಪ ಕೆಟ್ಟವನಾಗಿರಲಿಲ್ಲ. ಸೇರು ಕೈಗೆ ಬಂದಿತ್ತು, ಅಷ್ಟೆ.

ಈಗ ಕೊಳಗ ನಿನ್ನ ಕೈಲಿದೆ. ಮರದ್ದಲ್ಲ, ಕಣ್ಣಿಗೆ ಕಾಣದ್ದು. ಆದ್ದರಿಂದಲೇ ನನಗೆ ಹೆದರಿಕೆ. ಒಡೆಯರ ಕೊಳಗ ದೊಡ್ಡದೆಂದು ಬೇರೆ ಪಾತ್ರೆ ತಂದು ಅಳೆದು ತೋರಿಸಬಹುದಿತ್ತು. ನಿಮ್ಮದನ್ನು ಊಟ ತಲುಪಿಸುವ ಹುಡುಗ ಯಾವುದರಲ್ಲಿ ಅಳೆಯಬೇಕು? 2025ರಲ್ಲಿ ಕರ್ನಾಟಕವೇ ಅಂಥ ಗಿಗ್ ಕಾರ್ಮಿಕರಿಗೆಂದು ಕಾಯ್ದೆ ಮಾಡಿದೆ. ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು, ಯಂತ್ರ ತನ್ನನ್ನು ಹೇಗೆ ಅಳೆಯುತ್ತಿದೆ ಎಂದು ಅವನಿಗೆ ತಿಳಿಯಬೇಕು. ಅದನ್ನು ತರಿಸಿ ಓದು. ಕಾಯ್ದೆ ತಾನಾಗಿ ಅಂಗಳಕ್ಕೆ ಇಳಿಯುವುದಿಲ್ಲ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

ಕೆಲಸ ಬಿಡು ಎನ್ನುತ್ತಿಲ್ಲ. ಮೀಟಿಂಗಿನಲ್ಲಿ ಒಮ್ಮೆ ಬಾಯಿ ಬಿಡು, ನಾನು ಬಿಡದ್ದನ್ನು. ಮಳೆಯಲ್ಲಿ ನೆನೆದು ಬಂದವನಿಗೆ ಟಿಪ್ಸ್ ಕೊಡುತ್ತೇನೆ ಅಜ್ಜ ಅಂದೆಯಲ್ಲ, ಕೊಡು, ಬೇಡ ಅನ್ನುವುದಿಲ್ಲ. ಆದರೆ ಹಬ್ಬಕ್ಕೆ ಒಡೆಯರ ಮನೆಯಲ್ಲೂ ಒಕ್ಕಲುಗಳಿಗೆ ಹೊಟ್ಟೆ ತುಂಬ ಊಟ ಹಾಕುತ್ತಿದ್ದರು. ಕೊಳಗ ಮಾತ್ರ ಹಾಗೇ ಇರುತ್ತಿತ್ತು.

ದೀಪಾವಳಿಗೆ ಬರುವಾಗ ಒಬ್ಬ ಹುಡುಗನ ಒಂದು ದಿನದ ಲೆಕ್ಕ ಬರೆದುಕೊಂಡು ಬಾ. ಎಷ್ಟು ಕಿಲೋಮೀಟರು ಓಡಿಸಿದ, ಪೆಟ್ರೋಲಿಗೆ ಎಷ್ಟು ಹೋಯಿತು, ಹೋಟೆಲ್ ಬಾಗಿಲಲ್ಲಿ ಎಷ್ಟು ಹೊತ್ತು ನಿಂತ, ಕೈಗೆ ಎಷ್ಟು ಉಳಿಯಿತು. ಆ ನಿಂತ ಹೊತ್ತನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಹಿಡಿಯುತ್ತೀರಿ ಎಂಬುದು ನನಗಿನ್ನೂ ತಿಳಿದಿಲ್ಲ.